ಒಳತೊಡೆ ಹಿಡಿದಿದೆಯಾ? ಮೊದಲು ತಿಕ್ಕುವುದನ್ನು ನಿಲ್ಲಿಸಿ

ಊರೂರಲ್ಲಿ ಕಬಡ್ಡಿ ಟೂರ್ನಿ ಶುರುವಾದರೆ ಸಾಕು, ದಾವಣಗೆರೆ ಸುತ್ತಮುತ್ತಲಿಂದ ಇದೇ ಪ್ರಶ್ನೆ ಬರುತ್ತದೆ. ಈ ಸಲ ಒಂದಕ್ಕೆ ಪೂರ್ತಿ ಉತ್ತರ ಬರೆಯುತ್ತೇನೆ. ಮಾತ್ರೆ ಹೆಸರು ಮಾತ್ರ ಕೇಳಬೇಡಿ.

ಪ್ರಶ್ನೆ: ವಯಸ್ಸು 24, ರೈಡರ್. ಬೋನಸ್‌ಗೆ ಕಾಲು ಚಾಚಿದಾಗ ಬಲ ತೊಡೆ ಸಂದಿನಲ್ಲಿ ಟಕ್ ಅಂತು. ನರ ಸರಿದಿದೆ ಅಂತ ಊರಲ್ಲಿ ಒಬ್ಬರು ಎಣ್ಣೆ ಹಾಕಿ ತಿಕ್ಕಿದರು. ಹದಿನೈದು ದಿನ ರೆಸ್ಟ್ ತಗೊಂಡೆ, ನೋವು ಹೋಯ್ತು. ಆಡಿದರೆ ಮತ್ತೆ ಅಲ್ಲೇ ಹಿಡಿಯುತ್ತೆ. ಇದು ಮೂರನೇ ಸಲ. (ಹರಿಹರ)

ಉತ್ತರ: ನರ ಸರಿಯುವುದೂ ಇಲ್ಲ, ತಿಕ್ಕಿದರೆ ವಾಪಸ್ ಬಂದು ಕೂರುವುದೂ ಇಲ್ಲ. ಪೆಟ್ಟಾಗಿರುವುದು ಬಹುಶಃ ಸ್ನಾಯುವಿಗೆ. ಚಕ್ಕಳಮಕ್ಕಳ ಹಾಕಿ ಕೂತು ಒಳತೊಡೆಯ ಮೇಲ್ತುದಿ ಮುಟ್ಟಿ ನೋಡಿ. ಚರ್ಮದಡಿ ಬಿಗಿಯಾದ ಹುರಿಯಂಥದ್ದು ಬೆರಳಿಗೆ ಸಿಗುತ್ತದೆ. ಅದು ಅಡಕ್ಟರ್ ಲಾಂಗಸ್. ಒಳತೊಡೆಯ ಸ್ನಾಯುಗಳಲ್ಲಿ ಜಾಸ್ತಿ ಪೆಟ್ಟು ತಿನ್ನುವುದು ಇದೇ. ಮೇಲೆ ಪ್ಯೂಬಿಕ್ ಮೂಳೆಯ (ಕಿಬ್ಬೊಟ್ಟೆಯ ಕೆಳತುದಿಯಲ್ಲಿ ಮುಂದೆ ಕೈಗೆ ಸಿಗುವ ಮೂಳೆ) ಒಂದು ಚಿಕ್ಕ ಜಾಗದಲ್ಲಿ ಅಂಟಿಕೊಂಡಿರುತ್ತದೆ. ಕೆಳಗೆ ಅಗಲವಾಗಿ ಹರಡಿ ತೊಡೆಮೂಳೆಯ ನಡುಭಾಗದ ಹಿಂಬದಿ ಸೇರುತ್ತದೆ. ಎಳೆತವೆಲ್ಲ ಆ ಚಿಕ್ಕ ಜಾಗದ ಮೇಲೆ ಬೀಳುತ್ತದೆ.

ಕಾಲು ಕೂಡಿಸುವುದಷ್ಟೇ ಇದರ ಕೆಲಸ ಅಂದುಕೊಂಡಿದ್ದೀರಿ, ಅಲ್ವಾ? ಹಿಂದೆ ಹೋದ ಕಾಲನ್ನು ಮುಂದಕ್ಕೆ ತರುವುದರಲ್ಲೂ ಇದರ ಪಾಲಿದೆ. ಒಂಟಿ ಕಾಲಲ್ಲಿ ನಿಂತಾಗ ಸೊಂಟ ಓಲಾಡದ ಹಾಗೆ ಹಿಡಿಯುವುದರಲ್ಲೂ ಇದೆ. ಬೋನಸ್‌ಗೆ ಚಾಚಿದಾಗ ಸ್ನಾಯು ಒಂದು ಕಡೆ ಹಿಗ್ಗುತ್ತಿರುತ್ತದೆ, ಅದೇ ಹೊತ್ತಿಗೆ ಕಾಲು ಇನ್ನೂ ಜಾರದಿರಲಿ ಅಂತ ಬಿಗಿಯುತ್ತಿರುತ್ತದೆ. ಹರಿಯುವುದು ಆಗಲೇ.

ಮೂರನೇ ಸಲ ಯಾಕೆ? ಸುಮ್ನೆ ಮಲಗಿದ್ದಕ್ಕೆ. ರೆಸ್ಟ್‌ನಿಂದ ನೋವು ಹೋಗುತ್ತದೆ, ಶಕ್ತಿ ಬರುವುದಿಲ್ಲ. ಮೊದಲ ಎರಡು ಮೂರು ದಿನ ಓಡಾಟ ಕಡಿಮೆ ಮಾಡಿ, ಬಟ್ಟೆಯಲ್ಲಿ ಸುತ್ತಿದ ಐಸ್ ಇಡಿ. ಹೊಸ ಗಾಯವನ್ನು ತಿಕ್ಕಿದರೆ ಒಳಗೆ ರಕ್ತ ಸೋರುವುದು ಜಾಸ್ತಿಯಾಗುತ್ತದೆ. ಕೆಲವರಿಗೆ ಸ್ನಾಯುವಿನೊಳಗೇ ಮೂಳೆ ಬೆಳೆಯುವುದೂ ಉಂಟು. ಎಣ್ಣೆ ತಿಕ್ಕುವ ಮಹಾಶಯರು ಇದನ್ನು ಹೇಳುವುದಿಲ್ಲ.

ಆಮೇಲೆ ಅಂಗಾತ ಮಲಗಿ, ಮಂಡಿ ಮಡಚಿ, ನಡುವೆ ಫುಟ್‌ಬಾಲ್ ಇಟ್ಟು ಮೆಲ್ಲಗೆ ಒತ್ತಿ. ನೋವಾಗದಷ್ಟೇ ಒತ್ತಿ. ದಿನ ಕಳೆದಂತೆ ಜೋರು ಮಾಡಿ. ಅದಾದ ಮೇಲೆ ಅಡ್ಡ ಹೆಜ್ಜೆ, ನೇರ ಓಟ, ಕೊನೆಗೆ ಓಡುತ್ತಾ ತಟ್ಟನೆ ತಿರುಗುವುದು. ಪೂರ್ತಿ ಬಲ ಹಾಕಿ ಒತ್ತಿದರೂ ಚೂರೂ ನೋವಿಲ್ಲ, ತಿರುಗಿದರೂ ಹಿಡಿಯುವುದಿಲ್ಲ ಅಂದರೆ ಮ್ಯಾಟ್‌ಗೆ ಇಳಿಯಿರಿ. ಸಣ್ಣ ಎಳೆತಕ್ಕೆ ಕೆಲವು ವಾರ, ದೊಡ್ಡದಕ್ಕೆ ತಿಂಗಳುಗಳೇ ಬೇಕು. ನಿಮಗೆ ಮೂರು ಸಲ ಆಗಿದೆ. ಡಾಕ್ಟರ್‌ಗೆ ತೋರಿಸಿ, ಫಿಸಿಯೋ ಕಣ್ಣೆದುರೇ ವ್ಯಾಯಾಮ ಶುರು ಮಾಡಿ. ಕೆಮ್ಮಿದಾಗ ಸಂದಿನಲ್ಲಿ ಉಬ್ಬು ಕಂಡರೆ ಹರ್ನಿಯಾ ಇರಬಹುದು, ಸರ್ಜನ್ ನೋಡಲಿ. ವೃಷಣದಲ್ಲಿ ತಟ್ಟನೆ ಜೋರು ನೋವು ಬಂದರೆ ಮಾತ್ರ ಬೆಳಗಾಗಲಿ ಅಂತ ಕಾಯಬೇಡಿ. ಆ ರಾತ್ರಿಯೇ ಆಸ್ಪತ್ರೆಗೆ ಹೋಗಿ.

ಪ್ರಶ್ನೆ: ಫೈನಲ್ ಇದೆ, ನೋವಿನ ಇಂಜೆಕ್ಷನ್ ಹಾಕಿಸಿಕೊಂಡು ಆಡಲಾ?

ಉತ್ತರ: ಬೇಡ.

ಪ್ರಶ್ನೆ: ಒಳತೊಡೆ ಕೊಬ್ಬು ಕರಗಿಸಲು ಯಾವ ಮಷಿನ್ ಒಳ್ಳೆಯದು?

ಉತ್ತರ: ಯಾವುದೂ ಅಲ್ಲ. ಸ್ನಾಯು ದುಡಿದರೆ ಅದರ ಮೇಲಿನ ಕೊಬ್ಬೇ ಕರಗುತ್ತದೆ ಎನ್ನುವುದು ಮಷಿನ್ ಮಾರುವವರ ಮಾತು.

ಪ್ರಶ್ನೆ: ಗರಡಿಗೆ ಹೊಸದಾಗಿ ಸೇರಿದೆ. ಬಸ್ಕಿ ಹೊಡೆದ ಮರುದಿನ ಎರಡೂ ಒಳತೊಡೆ ನೋವು.

ಉತ್ತರ: ಕೂತಲ್ಲಿಂದ ಏಳಿಸುವುದರಲ್ಲಿ ಅಡಕ್ಟರ್ ಮ್ಯಾಗ್ನಸ್ ಎಂಬ ಒಳತೊಡೆಯ ದೊಡ್ಡ ಸ್ನಾಯುವಿನ ದುಡಿಮೆ ಇದೆ. ಕೆಲವು ದಿನದಲ್ಲಿ ಹೋಗುತ್ತದೆ. ನಾಳೆ ಬಸ್ಕಿ ಕಡಿಮೆ ಹೊಡೆಯಿರಿ.

ಪ್ರಶ್ನೆ: ಅಮ್ಮನಿಗೆ 68. ನಿನ್ನೆ ಬಚ್ಚಲಲ್ಲಿ ಜಾರಿದರು. ತೊಡೆ ಸಂದು ನೋವು, ಕಾಲು ಊರೋಕೆ ಆಗ್ತಿಲ್ಲ. ಯಾವ ಎಣ್ಣೆ ಹಚ್ಚಲಿ?

ಉತ್ತರ: ಯಾವ ಎಣ್ಣೆಯೂ ಬೇಡ. ತೊಡೆಮೂಳೆಯ ಕುತ್ತಿಗೆ, ಅಂದರೆ ಸೊಂಟದ ಕೀಲಿನ ಹತ್ತಿರದ ಕಿರಿದಾದ ಭಾಗ, ಮುರಿದಿರಬಹುದು. ಆ ಕಾಲು ಗಿಡ್ಡವಾಗಿ, ಪಾದ ಹೊರಕ್ಕೆ ತಿರುಗಿದ್ದರೆ ಅನುಮಾನ ಇನ್ನೂ ಜಾಸ್ತಿ. ಹಾಗೆ ಕಾಣದಿದ್ದರೂ ಮುರಿದಿರಬಹುದು. ನಡೆಸಬೇಡಿ. 108ಕ್ಕೆ ಫೋನ್ ಮಾಡಿ, ಇವತ್ತೇ ಎಕ್ಸ್‌ರೇ ತೆಗೆಸಿ.