ರೋಗದಿಂದ ಸತ್ತ ದನ: ಪರೀಕ್ಷೆ ಯಾರದು, ವಿಲೇವಾರಿ ಯಾರದು?

ಪ್ರಶ್ನೆ: ಹಾವೇರಿ ಹತ್ತಿರದ ನಮ್ಮೂರಲ್ಲಿ ರೋಗ ಬಂದು ಸತ್ತ ಎತ್ತನ್ನು ವರದಾ ದಂಡೆಗೆ ಎಳೆದು ಬಿಟ್ಟು ಬರ್ತಾರೆ. ಕೇಳೋರು ಯಾರೂ ಇಲ್ವಾ?

ಉತ್ತರ: ಕೇಳೋಕೆ 2009ರ ಕೇಂದ್ರ ಕಾಯ್ದೆಯೇ ಇದೆ, ಪ್ರಾಣಿಗಳ ಸಾಂಕ್ರಾಮಿಕ ರೋಗ ತಡೆಗೆ ಅಂತ ಮಾಡಿದ್ದು. ರೋಗದ ಅನುಮಾನ ಬಂದರೆ ಮೊದಲು ತಿಳಿಸಬೇಕಾದವರು ದನದ ಯಜಮಾನರೇ. ಪಂಚಾಯತಿಗೆ ಹೇಳಿದರೆ ಅವರು ಪಶು ವೈದ್ಯರಿಗೆ ಮುಟ್ಟಿಸಬೇಕು. ರೋಗ ಇತ್ತು ಅಂತ ಗೊತ್ತಿದ್ದೂ ಹೆಣವನ್ನು ನದಿಗೋ ಕೆರೆಗೋ ಹಾಕಿದರೆ ಅಪರಾಧ, ದಂಡವೂ ಇದೆ.

ಪರೀಕ್ಷೆಗೆ ಮಾದರಿ ತೆಗೆಯೋದು ವೈದ್ಯರ ಕೆಲಸ. ರಾಜ್ಯದ ದೊಡ್ಡ ಪ್ರಯೋಗಾಲಯ ಬೆಂಗಳೂರಿನ ಹೆಬ್ಬಾಳದಲ್ಲಿದೆ.

ಇಲ್ಲಿ ಒಂದು ಮಾತು ಜಾಸ್ತಿ ಹೇಳಬೇಕು. ಎತ್ತು ಇದ್ದಕ್ಕಿದ್ದಂತೆ ಸತ್ತು, ಮೂಗು, ಬಾಯಿ, ಗುದದಿಂದ ಹೆಪ್ಪುಗಟ್ಟದ ಕಪ್ಪು ರಕ್ತ ಸೋರುತ್ತಿದ್ದರೆ ಅದು ನೆರಡಿ ರೋಗ ಇರಬಹುದು, ಅಂದರೆ ಆಂಥ್ರಾಕ್ಸ್. ಚರ್ಮ ಸುಲಿಯಬೇಡಿ, ಹೊಟ್ಟೆ ಕೊಯ್ಯಬೇಡಿ, ಮುಟ್ಟಲೂ ಬೇಡಿ. ಗಾಳಿ ತಗುಲಿದರೆ ರೋಗಾಣು ಗಟ್ಟಿ ಕವಚ ಕಟ್ಟಿಕೊಂಡು ಮಣ್ಣಲ್ಲಿ ಹತ್ತಾರು ವರ್ಷ ಬದುಕುತ್ತೆ. ಮನುಷ್ಯರಿಗೂ ಬರುತ್ತೆ. ವೈದ್ಯರೂ ಕೊಯ್ಯೋದಿಲ್ಲ, ಕಿವಿಯ ತುದಿಯಿಂದ ಒಂದು ಹನಿ ರಕ್ತ ಗಾಜಿನ ಪಟ್ಟಿ ಮೇಲೆ ಸವರಿಕೊಂಡು ಹೋಗ್ತಾರೆ.

ಹೂಳೋದಾದರೆ ಬಾವಿ, ಹಳ್ಳದಿಂದ ದೂರ ಆರಡಿ ಗುಂಡಿ, ಕೆಳಗೆ ಮೇಲೆ ಸುಣ್ಣ. ಹಾಸಿದ್ದ ಹುಲ್ಲು, ಉಳಿದ ಮೇವನ್ನೂ ಅದರಲ್ಲೇ ಹಾಕಿ. ತಿಪ್ಪೆಗೆ ಬೇಡ. ಜೆಸಿಬಿ ಬಾಡಿಗೆ ಯಾರು ಕೊಡಬೇಕು ಅನ್ನೋದೇ ನಮ್ಮ ಕಡೆ ನಿಜವಾದ ಜಗಳ, ಅಲ್ವಾ? ಪಂಚಾಯತಿಗೆ ಬರೆದು ಕೊಟ್ಟು ಸ್ವೀಕೃತಿ ಇಸ್ಕೊಳ್ಳಿ. ದನ ಇನ್ನೂ ಬದುಕಿದ್ದರೆ ಪಶು ಚಿಕಿತ್ಸೆಯ ಸಹಾಯವಾಣಿ 1962ಕ್ಕೆ ಫೋನ್ ಮಾಡಿ.