ಬಗ್ಗಿಸಿದ ಕಂಬಿ ನೆಟ್ಟಗೆ ಮಾಡುವಾಗ ಮುರಿಯುವುದೇಕೆ?

ಪ್ರಶ್ನೆ: ಮೇಲಂತಸ್ತಿಗೆಂದು ಬಿಟ್ಟಿದ್ದ 12 ಮಿ.ಮೀ. ಟಿಎಂಟಿ ಕಂಬಿಗಳನ್ನು ಮೇಸ್ತ್ರಿ ಬಗ್ಗಿಸಿಟ್ಟಿದ್ದರು. ಈಗ ನೆಟ್ಟಗೆ ಮಾಡುವಾಗ ಎರಡು ಮುರಿದವು. ಕಳಪೆ ಮಾಲೇ?

ಉತ್ತರ: ಹಾಗೆಂದು ಈಗಲೇ ಹೇಳಲಾಗದು, ಬಗ್ಗಿಸಿದ ರೀತಿಯ ಮೇಲೇ ನಮಗೆ ಹೆಚ್ಚು ಅನುಮಾನ. ಫೆ 500 ಎಂಬ ಬಲದ ದರ್ಜೆಯ 12 ಮಿ.ಮೀ. ಕಂಬಿಯನ್ನು ಸುಮಾರು 5.7 ಟನ್ ಭಾರದವರೆಗೆ ಎಳೆದರೆ ಮೀಟರಿಗೆ 2.5 ಮಿ.ಮೀ.ಯಷ್ಟು ಹಿಗ್ಗಿ, ಬಿಟ್ಟೊಡನೆ ಮೊದಲಿನ ಉದ್ದಕ್ಕೆ ಮರಳುತ್ತದೆ. ಅದನ್ನು ಮೀರಿದರೆ ಹಿಗ್ಗು ಶಾಶ್ವತ. ಬಗ್ಗಿಸುವುದೆಂದರೆ ಬೇಕೆಂದೇ ಈ ಮಿತಿ ದಾಟುವುದು.

ಎಷ್ಟು ದಾಟಿದೆವು ಎಂಬುದೇ ಮುಖ್ಯ. ಕಂಬಿಯ ವ್ಯಾಸದ 4 ಪಟ್ಟು, ಅಂದರೆ 48 ಮಿ.ಮೀ. ವ್ಯಾಸದ ದುಂಡು ಸರಳಿನ ಸುತ್ತ ಬಗ್ಗಿಸಿದರೆ ಹೊರಮೈ ಸುಮಾರು 20% ಹಿಗ್ಗುತ್ತದೆ. 12 ಮಿ.ಮೀ. ಮೊಳೆಗೆ ಒತ್ತಿ ಬಗ್ಗಿಸಿದರೆ 50%! ಆಗಲೇ ಕಂಬಿಯ ಮೈಮೇಲಿನ ಏಣುಗಳ (ಉಬ್ಬುಗೆರೆಗಳ) ಬುಡದಲ್ಲಿ ಕಣ್ಣಿಗೆ ಕಾಣದ ಬಿರುಕು ಹುಟ್ಟಬಹುದು. ಬಗ್ಗಿದ ಭಾಗ ಗಡುಸಾಗಿಯೂ ಇರುತ್ತದೆ. ತಿಂಗಳುಗಟ್ಟಲೆ ಬಿಟ್ಟರೆ ಉಕ್ಕಿನೊಳಗಿನ ಸಾರಜನಕದಿಂದ ಇನ್ನಷ್ಟು ಪೆಡಸಾಗುತ್ತದೆ. ಹಿಂದಕ್ಕೆ ಎಳೆದಾಗ ಬಿರುಕು ಬಾಯಿಬಿಡುತ್ತದೆ.

ಗ್ಯಾಸ್ ಹಚ್ಚಿ ಕೆಂಪಗೆ ಕಾಯಿಸಿ ನೆಟ್ಟಗೆ ಮಾಡುವ ಉಪಾಯ ಬೇಡವೇ ಬೇಡ. ಟಿಎಂಟಿಯ ಬಲವಿರುವುದೇ ತಯಾರಿಸುವಾಗ ನೀರಿನಿಂದ ತಣಿಸಿ ಹದಗೊಳಿಸಿದ ಹೊರಪದರದಲ್ಲಿ, ಅದು ಕೆಡುತ್ತದೆ.

ಮುರಿದವಕ್ಕೆ ವೆಲ್ಡಿಂಗ್ ಮಾಡಿಸಬೇಡಿ. ಕಾಂಕ್ರೀಟ್ ಕೆತ್ತಿ, ಹೊಸ ಕಂಬಿಗೆ ವ್ಯಾಸದ 50 ಪಟ್ಟು, ಅಂದರೆ 600 ಮಿ.ಮೀ. ಲ್ಯಾಪ್ (ಹಳೆಯ ಕಂಬಿಯ ಪಕ್ಕಕ್ಕೆ ಜೋಡಿಸಿ ಕಟ್ಟುವ ಉದ್ದ) ಸಿಗುವುದೇ ನೋಡಿ. ಸಿಗದಿದ್ದರೆ ಕಾಂಕ್ರೀಟಿನಲ್ಲಿ ರಂಧ್ರ ಕೊರೆದು ಹೊಸ ಕಂಬಿಯನ್ನು ಎಪಾಕ್ಸಿ ಎಂಬ ಗಟ್ಟಿ ಅಂಟಿನಲ್ಲಿ ಕೂರಿಸಬಹುದು; ಆಳವನ್ನು ಎಂಜಿನಿಯರ್ ಲೆಕ್ಕ ಹಾಕಲಿ. ಮುರಿಯದೆ ಉಳಿದವುಗಳ ಬಾಗಿದ ಜಾಗವನ್ನೂ ತಂತಿ ಬ್ರಷ್‌ನಿಂದ ಉಜ್ಜಿ, ಭೂತಗನ್ನಡಿಯಲ್ಲಿ ಪರೀಕ್ಷಿಸಿ.