ಟೆಟ್ರಾಮರ್ ಹಾಕಿದರೂ ಕೋಶ ಕಾಣುತ್ತಿಲ್ಲವೇ?

ಗೋಧಿಯಲ್ಲಿರುವ ಗ್ಲುಟೆನ್ ಬಿಟ್ಟಿರುವ ಸೀಲಿಯಾಕ್ (ಗ್ಲುಟೆನ್‌ನಿಂದ ಕರುಳು ಹಾಳಾಗುವ ಕಾಯಿಲೆ) ರೋಗಿಯ 20 ಲಕ್ಷ ರಕ್ತಕೋಶಗಳಿಗೆ ಟೆಟ್ರಾಮರ್ (ಗ್ಲುಟೆನ್ ಗುರುತಿಸುವ ಟಿ ಕೋಶಗಳಿಗೆ ಅಂಟುವ ಬಣ್ಣದ ಗುರುತು) ಹಾಕಿದೆ, ಏನೂ ಕಾಣಲಿಲ್ಲ ಅಂದಿದ್ದೀರಿ. ಕಾಣದಿರುವುದೇ ಸಹಜ. ಅಂಥವರಲ್ಲಿ ಈ ಟಿ ಕೋಶಗಳು ಹತ್ತು ಲಕ್ಷ ಸಿಡಿ4 ಕೋಶಗಳಿಗೆ (ಸಿಡಿ4 ಟಿ ಕೋಶಗಳ ಒಂದು ಬಗೆ) ಕೆಲವೇ ಕೆಲವು. 3–5 ಕೋಟಿ ಕೋಶ ತೆಗೆದುಕೊಳ್ಳಿ. ಪಿಇ ಎಂಬ ಹೊಳೆಯುವ ಬಣ್ಣದ ಟೆಟ್ರಾಮರ್ ಹಾಕಿ, ಪಿಇ ಹಿಡಿಯುವ ಕಾಂತೀಯ ಮಣಿ ಬೆರೆಸಿ, ಕಾಲಮ್‌ನಲ್ಲಿ ಸೋಸಿ, ಆಮೇಲೆ ಕೋಶಗಳನ್ನು ಒಂದೊಂದಾಗಿ ಅಳೆಯುವ ಫ್ಲೋ ಸೈಟೋಮೀಟರ್‌ಗೆ ಕೊಡಿ. ಸೋಸುವ ಮುಂಚೆ ನೂರನೇ ಒಂದು ಪಾಲು ಎತ್ತಿಡಿ. ಒಟ್ಟು ಸಿಡಿ4 ಲೆಕ್ಕ ಸಿಗುವುದು ಅದರಿಂದಲೇ, ಬಹಳ ಜನ ಎಡವುವುದೂ ಇಲ್ಲೇ.

ಸಿಡಿ11ಸಿ, ಸಿಡಿ14, ಸಿಡಿ19, ಸಿಡಿ56 ಎಂಬ ಮೇಲ್ಮೈ ಗುರುತುಗಳಲ್ಲಿ ಯಾವುದೇ ಇರುವ ಕೋಶಗಳನ್ನೆಲ್ಲ ಹೊರಗಿಡಿ. ಟೆಟ್ರಾಮರ್ ಅವಕ್ಕೆ ಸುಮ್ಮಸುಮ್ಮನೆ ಅಂಟುತ್ತದೆ. ಉಳಿದ ಸಿಡಿ4 ಕೋಶಗಳಲ್ಲಿ ಸಿಡಿ62ಎಲ್ ಇಲ್ಲದ, ಇಂಟೆಗ್ರಿನ್ ಬೀಟಾ7 ಇರುವವನ್ನು ನೋಡಿ. ಬೀಟಾ7 ಕರುಳಿನತ್ತ ಹೋಗುವ ಗುರುತು.

ಅಂದಹಾಗೆ, ರೋಗಿಗೆ ಡಿಕ್ಯೂ2.5 (ಟಿ ಕೋಶಕ್ಕೆ ಗ್ಲುಟೆನ್ ತುಣುಕು ತೋರಿಸುವ ಅಣುವಿನ ಒಂದು ಬಗೆ, ಡಿಕ್ಯೂ8 ಇನ್ನೊಂದು) ಇದೆ ತಾನೇ? ಡಿಕ್ಯೂ8 ಮಾತ್ರ ಇದ್ದರೆ ಡಿಕ್ಯೂ2.5 ಟೆಟ್ರಾಮರ್ ಹಾಕಿ ಪ್ರಯೋಜನವಿಲ್ಲ.